ಏಳನೇ ಟ್ಯಾಂಕಿನ ಮುಚ್ಚಳ

ಭಾನುವಾರ ಚರ್ಚಿನಿಂದ ಬಂದ ಫ್ಲಾವಿಯಾ ನೆಲಮಾಳಿಗೆಯ ಬಾಗಿಲು ತೆಗೆದಳು. ಏಳನೇ ಟ್ಯಾಂಕಿನ ಕೆಳಗಿನ ನಲ್ಲಿ ಪೂರ್ತಿ ತೆರೆದಿತ್ತು. ನೆಲವೆಲ್ಲ ಒದ್ದೆ. ಟ್ಯಾಂಕನ್ನು ಬೆರಳಿನಿಂದ ತಟ್ಟಿದಳು. ಖಾಲಿ ಕೊಡದ ಸದ್ದು.

ಮೂರು ಸಾವಿರ ಲೀಟರ್ ಬಿಳಿ ವೈನ್ ಮಾಯ. ಕೊಯ್ಲಿನಿಂದ ಹಿಡಿದು ಎಲ್ಲವನ್ನೂ ಅವಳೇ ನಿಂತು ಮಾಡಿಸಿದ ಮೊದಲ ವೈನ್ ಅದು. ಅಂದು ಸಂಜೆ ನಾಲ್ಕಕ್ಕೆ ಅಜ್ಜಿ ನೋರ್ಮಾ ರುಚಿ ನೋಡಬೇಕಿತ್ತು. ಮೆಚ್ಚಿದರೆ ಮುಂದೆ ಸೀಸೆಯ ಮೇಲೆ ಮೊಮ್ಮಗಳ ಸಹಿ, ನೆಲಮಾಳಿಗೆಯ ಯಜಮಾನಿಕೆಯೂ ಅವಳದೇ. ಇಲ್ಲವಾದರೆ ಎರಡೂ ಚಿಕ್ಕಪ್ಪ ಸಿಲ್ವಾನೊನಿಗೆ. ಇಟಲಿಯ ಈ ಮೂಲೆಯ ನಮ್ಮ ಫ್ರಿಯೂಲಿಯ ಗುಡ್ಡಗಳಲ್ಲಿ ಆ ಮನೆಯ ಬಿಳಿ ವೈನ್ ಇಲ್ಲದೆ ಮದುವೆ ಊಟವೇ ಇಲ್ಲ. ಆ ಸಹಿ ಹುಡುಗಾಟದ ಮಾತಲ್ಲ.

"ನಲ್ಲಿ ಸರಿಯಾಗಿ ಮುಚ್ಚಿಲ್ಲ," ಎಂದು ಸಿಲ್ವಾನೊ ನಿಟ್ಟುಸಿರಿಟ್ಟ. "ಇನ್ನೂ ಚಿಕ್ಕೋಳು ಅಂತ ನಾನು ಮೊದಲೇ ಹೇಳಿದ್ದೆ."

ತಾನು ಮುಚ್ಚಿದ್ದೆನೆಂದು ಫ್ಲಾವಿಯಾ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮಧ್ಯಾಹ್ನದೊಳಗೆ ಊರೆಲ್ಲ ಸಿಲ್ವಾನೊನ ಮಾತನ್ನೇ ಆಡುತ್ತಿತ್ತು. ಊರ ಬಾಯಿ ಮುಚ್ಚುವ ಮುಚ್ಚಳ ಎಲ್ಲಿದೆ?

*

ಠಾಣೆಯಿಂದ ಅಧಿಕಾರಿ ಒರ್ನೆಲ್ಲಾ ವಿದೋನಿ ಬಂದಳು. ಪೀಪಾಯಿ ಮಾಡುವವನ ಮಗಳು. ಮಾತು ಕಡಿಮೆ, ಮೂಗು ಚುರುಕು. ಬೆಳಿಗ್ಗೆ ಯಾರ್ಯಾರು ಎಲ್ಲಿದ್ದಿರಿ ಎಂದು ಕೇಳಿದಾಗ, ತಾನು ಚರ್ಚಿನ ಪೂಜೆಯಲ್ಲಿ ಹಿಂದಿನ ಸಾಲಲ್ಲಿದ್ದೆ ಅಂದ ಸಿಲ್ವಾನೊ.

ಮೊದಲ ಅನುಮಾನ ಪಕ್ಕದ ತೋಟದ ಏದಿಯ ಮೇಲೆ. ಅವನಿಗೂ ಈ ಮನೆಗೂ ಹಳೆಯ ಬೇಲಿ ಜಗಳ. ಬೆಳಿಗ್ಗೆ ಅವನ ಟ್ಯಾಂಕರ್ ಅಂಗಳದ ಹತ್ತಿರ ನಿಂತಿತ್ತು. ಒರ್ನೆಲ್ಲಾ ಅದರ ಬಾಯಿಗೆ ಮೂಗಿಟ್ಟಳು. ದ್ರಾಕ್ಷಿ ಬಳ್ಳಿಗೆ ಹೊಡೆಯುವ ಗಂಧಕದ ಘಾಟು ಮುಖಕ್ಕೆ ಹೊಡೆಯಿತು. ಅದರಲ್ಲಿ ವೈನ್ ಕದಿಯುವಷ್ಟು ಹುಚ್ಚ ನಮ್ಮೂರಲ್ಲಿ ಹುಟ್ಟಿಲ್ಲ.

"ಜಗಳ ಬೇಲಿದು ಮೇಡಂ, ವೈನಿಂದಲ್ಲ," ಅಂದ ಏದಿ. "ಅವರ ವೈನ್ ಹೋದ್ರೆ ನಾನು ಭಾನುವಾರ ಏನು ಕುಡೀಲಿ?"

ಒರ್ನೆಲ್ಲಾ ನೆಲಮಾಳಿಗೆಗೆ ಇಳಿದಳು. ಒದ್ದೆ ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಏಣಿ ಹತ್ತಿ ಟ್ಯಾಂಕಿನ ತಲೆ ನೋಡಿದಳು. ಹಿಂಗೋಡೆಯ ಪಕ್ಕ ಇಪ್ಪತ್ತು ವರ್ಷದಿಂದ ಬಳಸದ ಐದು ಸಿಮೆಂಟ್ ತೊಟ್ಟಿಗಳಿದ್ದವು. ಅವುಗಳ ಮುಂದೆ ನಿಧಾನವಾಗಿ ನಡೆದು, ನಾಲ್ಕಕ್ಕೆ ಎಲ್ಲರೂ ಇಲ್ಲೇ ಸೇರಲಿ ಎಂದಳು.

*

ಅಜ್ಜಿ ಕುರ್ಚಿಯಲ್ಲಿ ಕೂತಿದ್ದಳು, ಕೈಯಲ್ಲಿ ಖಾಲಿ ಲೋಟ. ಅಳು ನುಂಗಿಕೊಂಡು ಫ್ಲಾವಿಯಾ ಅವಳ ಪಕ್ಕದಲ್ಲಿ ನಿಂತಿದ್ದಳು. ಒರ್ನೆಲ್ಲಾ ಮೂರನೇ ತೊಟ್ಟಿಯ ನಲ್ಲಿಗೆ ಕೈ ಹಾಕಿದಳು.

"ಇದರಲ್ಲಿ ತೊಳೆದ ನೀರು ನಿಂತಿರೋ ಹಾಗಿದೆ. ಚರಂಡಿಗೆ ಬಿಡ್ತೀನಿ."

ನಲ್ಲಿ ತಿರುಗಿತು. ಹೊಂಬಣ್ಣದ ಧಾರೆ ನೆಲಕ್ಕೆ ಬಿತ್ತು. ಮರುಕ್ಷಣವೇ ಸಿಲ್ವಾನೊ ಹಾರಿ ಬಂದು ನಲ್ಲಿ ಬಂದ್ ಮಾಡಿದ.

"ಚೆಲ್ಲಬೇಡಿ," ಅಂದ. ಆಮೇಲೆ ತಾನೇನು ಮಾಡಿದೆ ಎಂಬುದು ಅವನಿಗೆ ಹೊಳೆಯಿತು.

ಒರ್ನೆಲ್ಲಾ ಕೈ ಒರೆಸಿಕೊಂಡಳು. "ಹುಡುಗಿ ನಲ್ಲಿ ಮರೆತಿದ್ರೆ ಮೇಲಿನ ಮುಚ್ಚಳ ಮುಚ್ಚೇ ಇರ್ತಿತ್ತು. ಒಳಗೆ ಗಾಳಿ ಹೋಗ್ದೆ ಈ ತಗಡಿನ ಟ್ಯಾಂಕು ನಜ್ಜುಗುಜ್ಜಾಗ್ತಿತ್ತು. ಒಂದು ತಗ್ಗೂ ಬಿದ್ದಿಲ್ಲ, ಮುಚ್ಚಳ ತೆಗೆದಿದೆ. ಕೆಲಸ ಗೊತ್ತಿದ್ದೋರೇ ಬೇಕಂತ ಖಾಲಿ ಮಾಡಿದ್ದಾರೆ. ವೈನ್ ಚೆಲ್ಲಿದ್ರೆ ಗುಂಗುರು ಹುಳ ಮುತ್ತಿರ್ತಿತ್ತು, ನೆಲದ ಮೇಲೆ ಒಂದೂ ಇಲ್ಲ, ಅಂದ್ರೆ ಚೆಲ್ಲಿರೋದು ಬರೀ ನೀರು. ನಾಲ್ಕು ತೊಟ್ಟಿಗೆ ಜೇಡರ ಬಲೆ ಇದೆ, ಮೂರನೇದಕ್ಕಿಲ್ಲ. ಇನ್ನು ಪೂಜೇಲಿ ಹಿಂದಿನ ಸಾಲಲ್ಲಿದ್ದೆ ಅಂದ್ರಲ್ಲ ಸಿಲ್ವಾನೊ, ಆ ಸಾಲಲ್ಲಿ ಕೂತಿದ್ದು ನಾನು."

ಅಜ್ಜಿ ಮಗನನ್ನು ನೋಡಿದಳು. "ಚರಂಡಿಗೆ ಬಿಟ್ಟಿದ್ರೆ ಸಿಕ್ಕಿ ಬೀಳ್ತಿರ್ಲಿಲ್ಲ. ಯಾಕೋ ಬಿಡ್ಲಿಲ್ಲ?"

"ಬಿಡೋಣ ಅಂತಲೇ ಬಂದೆ ಅಮ್ಮ. ಮೊದಲು ಒಂದು ಗುಟುಕು ಕುಡಿದೆ. ಮೂವತ್ತು ವರ್ಷದಲ್ಲಿ ನನ್ನ ಕೈಲಿ ಇಂಥದ್ದು ಆಗಿಲ್ಲ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಅಜ್ಜಿ ಲೋಟ ಕೆಳಗಿಟ್ಟಳು. "ಫ್ಲಾವಿಯಾ, ಪೆನ್ನು ತಗೊಂಡು ಬಾ. ಸಹಿ ಹಾಕು."

"ರುಚಿ ನೋಡಲ್ವಾ ಅಜ್ಜಿ?"

"ಹಾಳು ಮಾಡೋಕೆ ಬಂದೋನೇ ಕೈ ಅಡ್ಡ ಇಟ್ಟ. ಇನ್ನೇನು ನೋಡೋದು?"

ಸಿಲ್ವಾನೊ ತಲೆ ತಗ್ಗಿಸಿ ಒರ್ನೆಲ್ಲಾಳ ಠಾಣೆ ಜೀಪು ಹತ್ತಿದ. ಫ್ಲಾವಿಯಾ ಕಣ್ಣೊರೆಸಿಕೊಂಡು ಸೀಸೆಗೆ ಅಂಟಿಸುವ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಬೆಳಿಗ್ಗೆ ಅವಳನ್ನು ಆಡಿಕೊಂಡ ಊರೇ ಆ ಸಂಜೆ ಲೋಟ ಹಿಡಿದು ಮೂರನೇ ತೊಟ್ಟಿಯ ಮುಂದೆ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಏದಿ, ಅವನ ಹಿಂದೆ ನಾನು. ಬೆಳಿಗ್ಗೆ ನಾನೂ ಆಡಿಕೊಂಡಿದ್ದೆ. ನಗುತ್ತಲೇ ಅವಳು ನನ್ನ ಲೋಟವನ್ನೂ ತುಂಬಿಸಿದಳು.