ಚಿಪ್ಪು ಹೆಕ್ಕುವ ಸೋಮಿ

ಬಹಳ ಹಿಂದೆ, ಕಡಲು ಮಾತಾಡುತ್ತಿದ್ದ ಕಾಲದಲ್ಲಿ, ತೆರೆಪುರ ಎಂಬ ರಾಜ್ಯವಿತ್ತು. ಅಲ್ಲಿಗೆ ಕಾಳಭಂಗನೆಂಬ ಮಾಂತ್ರಿಕ ಬಂದು, ರಾಜನನ್ನೂ ಹೆದರಿಸಿ ಆಸ್ಥಾನದಲ್ಲೇ ಕೂತ. ಅವನು ಸಾಕಿದ್ದ ಕಡಲ ಬಸವನಹುಳುಗಳ ಚಿಪ್ಪು ರೇಷ್ಮೆಯಷ್ಟು ಚಂದ, ಒಳಗೆ ಮಾತ್ರ ವಿಷದ ಮುಳ್ಳು. ಆ ವಿಷಕ್ಕೆ ಮಂತ್ರ ಸೇರಿಸಿ ಅವನು ನಲವತ್ತೊಂದು ಜನರನ್ನು ಕಲ್ಲಾಗಿಸಿದ. ಕೊನೆಯವಳು ಚಿಪ್ಪು ಹೆಕ್ಕುವ ದುಗ್ಗಮ್ಮ.

ಅವಳ ಮಗಳು ಸೋಮಿ ಮೀನಿನ ಬುಟ್ಟಿ ಹೊತ್ತು ನೇರ ಆಸ್ಥಾನಕ್ಕೆ ನಡೆದಳು.

"ನನ್ನ ಅವ್ವನನ್ನು ಬಿಡಿ."

ಕಾಳಭಂಗ ನಕ್ಕ. "ಚಿಪ್ಪು ಹೆಕ್ಕುವವಳಿಗೆ ಎಷ್ಟು ಸೊಕ್ಕು! ಮೂರು ಹುಳುಗಳನ್ನು ಬರಿಗೈಯಲ್ಲಿ ಎತ್ತು. ಗೆದ್ದರೆ ಎಲ್ಲರನ್ನೂ ಬಿಡುತ್ತೇನೆ. ಸೋತರೆ ನೀನೂ ಕಲ್ಲು."

ಮೂರು ಬೋಗುಣಿಗಳಲ್ಲಿ ಉಪ್ಪುನೀರು, ಒಂದೊಂದರಲ್ಲಿ ಒಂದೊಂದು ಹುಳು.

ಸೋಮಿ ಮೊದಲನೆಯದರ ಮುಂದೆ ಬುಟ್ಟಿಯಿಂದ ಮಿಸುಕುವ ಮೀನು ತೆಗೆದು ಹಿಡಿದಳು. ಹುಳು ಮೂತಿ ಚಾಚಿ ಚುಚ್ಚಿತು. ಮೀನು ಸೆಟೆಯಿತು. ಬಿಟ್ಟ ಮುಳ್ಳು ಮತ್ತೆ ಕೆಲಸಕ್ಕಿಲ್ಲ, ಇನ್ನೊಂದು ಮುಳ್ಳು ಮೂತಿಗೆ ಬರಲು ಹೊತ್ತು ಬೇಕು. ಅವಳ ಕೇರಿಯ ಹೆಂಗಸರಿಗೆ ಇದು ತಲೆಮಾರುಗಳಿಂದ ಗೊತ್ತು. ಸೋಮಿ ಹುಳುವನ್ನು ಎತ್ತಿ ತೋರಿಸಿದಳು.

ಎರಡನೆಯದರ ಮುಂದೆಯೂ ಮೀನು ಹಿಡಿದಳು. ಚುಚ್ಚಿತು. ಎತ್ತಿದಳು.

ಮೂರನೆಯದರ ಮುಂದೆ ಮೀನು ಹಿಡಿದಳು. ಹುಳು ಅಲುಗಲಿಲ್ಲ. ಸೋಮಿ ಕಾದಳು.

"ಯಾಕವ್ವಾ, ಕೈ ನಡುಗ್ತಿದೆಯಾ?" ಎಂದ ಕಾಳಭಂಗ.

"ಇದಕ್ಕೆ ಹೊಟ್ಟೆ ತುಂಬ ತಿನ್ನಿಸಿ ತಂದಿದ್ದೀರಿ, ಅಯ್ಯಾ. ಹಸಿವಿಲ್ಲದ್ದು ಮೀನನ್ನು ಚುಚ್ಚಲ್ಲ. ಆದರೆ ಮುಟ್ಟಿದ ಕೈಯನ್ನು ಬಿಡಲ್ಲ."

"ಹೇಡಿಯ ಮಾತು! ನಾನು ಹೇಳಿದರೆ ಅದು ಮಗುವಿನಂತೆ ಮಲಗುತ್ತದೆ."

"ಹಾಗಾದರೆ ನೀವೇ ಎತ್ತಿ ತೋರಿಸಿ. ನೀವು ಎತ್ತಿದರೆ ಸೋತೆ ಅಂತ ಒಪ್ಪಿಕೊಳ್ಳುತ್ತೇನೆ."

ಸಭೆಯ ಮೂಲೆಯಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗುವನ್ನು ಕಾಳಭಂಗನಿಗೆ ಸಹಿಸಲಾಗಲಿಲ್ಲ. ಇಷ್ಟು ವರ್ಷ ಅವನು ಹುಳುಗಳನ್ನು ಆಳುಗಳ ಕೈಯಲ್ಲೇ ಎತ್ತಿಸಿದ್ದ. ಮಂತ್ರ ಗೊಣಗಿ, ಬೋಗುಣಿಗೆ ಕೈ ಹಾಕಿ, ಹುಳುವನ್ನು ಮುಷ್ಟಿಯಲ್ಲಿ ಹಿಡಿದ. ಹುಳು ಯಾರ ಕೈಯೆಂದು ಕೇಳಲಿಲ್ಲ. ಚುಚ್ಚಿತು.

ವಿಷಕ್ಕೆ ಅವನ ಬಾಯಲ್ಲಿದ್ದ ಮಂತ್ರವೇ ಸೇರಿ, ಕಾಳಭಂಗ ನಿಂತಲ್ಲೇ ಕಲ್ಲಾದ. ಅವನ ಮಂತ್ರ ಅವನ ಜೊತೆಗೇ ಸತ್ತಿತು. ಆಸ್ಥಾನದ ಗೋಡೆಗುಂಟ ಕಲ್ಲಾಗಿ ನಿಂತಿದ್ದ ನಲವತ್ತೊಂದು ಜನ ಕಣ್ಣು ಬಿಟ್ಟರು. ದುಗ್ಗಮ್ಮ ಮೊದಲು ಮಾಡಿದ್ದು, ಮಗಳ ಅಂಗೈಗಳನ್ನು ತಿರುಗಿಸಿ ನೋಡಿದ್ದು. ಗಾಯವಿರಲಿಲ್ಲ.

ರಾಜ ಓಲೆ ತರಿಸಿದ. "ರಾಜ್ಯ ಉಳಿಸಿದವಳು ವೀರರಾಣಿ ಸೋಮಿ ಎಂದು ಬರೆಯಿರಿ."

"ಬೇಡ ಪ್ರಭು," ಎಂದಳು ಅವಳು ತಲೆಯೆತ್ತಿ. "ದುಗ್ಗಮ್ಮನ ಮಗಳು ಸೋಮಿ, ಚಿಪ್ಪು ಹೆಕ್ಕುವವಳು. ಹಾಗೆ ಬರೆಸಿ."

ಹಾಗೆಯೇ ಬರೆದರು. ತೆರೆಪುರದವರು ಅಂದಿನಿಂದ ಅಂಜದೆ ಕಡಲಿಗಿಳಿದರು, ಉಂಡು ನಕ್ಕು ಬಾಳಿದರು.