ಉಲ್ಟಾ ಹೆಸರಿನ ಬಗ್ಗಿ

"ಅಯ್ಯಯ್ಯೋ!"

ಹಂಸಳ ಕೈ ಜಾರಿತು. ನೆಟ್ಟಗೆ ಕೂರಬೇಕಿದ್ದ ನಂಬರ್ ಪ್ಲೇಟಿನ 'ಮೂರು' ಸೊಟ್ಟಗೆ ಅಂಟಿಕೊಂಡಿತು. ಗುರ್ರ್ ಎನ್ನುತ್ತಾ ಅಂಗಡಿಯೊಳಗೆ ನುಗ್ಗಿದ ಏನೋ ಒಂದು ಅವಳ ಹಿಮ್ಮಡಿಗೆ ಗುದ್ದಿತ್ತು.

ಹೆಗ್ಗಣವೇ ಇರಬೇಕು ಅಂದುಕೊಂಡು ಸ್ಟೂಲಿನ ಮೇಲೆ ಕಾಲೆತ್ತಿದಳು. ಬಾಗಿ ನೋಡಿದರೆ ಪುಟ್ಟ ರೇಸ್ ಕಾರು! ಮೇಲಿನ ಬಾಡಿ ಇಲ್ಲ, ಮುಳ್ಳುಮುಳ್ಳು ಟೈರು, ಹಳದಿ ಸ್ಪ್ರಿಂಗು.

ಅದರ ಹಿಂದೆಯೇ, ಕೈಯಲ್ಲಿ ರಿಮೋಟ್ ಹಿಡಿದ ಉದ್ದನೆಯ ಗಂಡಸೊಬ್ಬ ಓಡಿಬಂದ.

"ಸಾರಿ ಮೇಡಂ! ಬ್ರೇಕ್ ಹಿಡೀಲಿಲ್ಲ!"

"ನಲವತ್ತು ವರ್ಷ ಆಗಿರೋ ಹಾಗಿದೆ, ಆಟದ ಸಾಮಾನು ಇಟ್ಕೊಂಡು ಬೀದಿ ಸುತ್ತುತೀರಲ್ರೀ!"

"ಮೂವತ್ತೆಂಟು ಮೇಡಂ..." ಅವನು ತಲೆ ತಗ್ಗಿಸಿದ. "ಮತ್ತೆ ಇದು ಆಟದ ಸಾಮಾನಲ್ಲ. ಬಗ್ಗಿ ಅಂತ, ರೇಸ್ ಗಾಡಿ."

ಹಂಸಳಿಗೆ ಬೈಯಬೇಕಿತ್ತು. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ನೋಡಿ, ಎಡವಟ್ಟು ಶುರುವಾಗಿದ್ದೇ ಅಲ್ಲಿ.

ಶಿವಾಜಿನಗರದ ಆ ಗಲ್ಲಿಯಲ್ಲಿ 'ಹಂಸ ಸ್ಟಿಕ್ಕರ್ಸ್' ಅಂದರೆ ಆಟೋದವರಿಗೆಲ್ಲ ಗೊತ್ತು. ಬಾಣಸವಾಡಿಯ ಮುನಿಶಾಮಿಯವರ ಮಗಳು; ಮದುವೆಯ ಮಾತೆತ್ತಿದವರಿಗೆಲ್ಲ ಕೆಲಸ ಇದೆ ಎನ್ನುತ್ತಲೇ ಮೂವತ್ತೈದು ದಾಟಿದವಳು. ಅವಳು ಕತ್ತರಿಸಿದ ಅಕ್ಷರದಲ್ಲಿ ತಪ್ಪು ಹುಡುಕಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಬಂದವನ ಹೆಸರು ಸೆಲ್ವಿನ್. ಕಾಕ್ಸ್‌ಟೌನಿನವನು, ರೈಲ್ವೆಯಲ್ಲಿ ಸಿಗ್ನಲ್ ಕೆಲಸ. ಚಿಕ್ಕಂದಿನಲ್ಲಿ ನೋಡಿದ್ದ ರೇಸಿಂಗ್ ಬಗ್ಗಿಯನ್ನೇ ಕಂಪನಿಯವರು ಈಗ ಮತ್ತೆ ತಂದಿದ್ದಾರಂತೆ.

"ಅದೇ ಡಬ್ಬಿ, ಅದೇ ಚಿತ್ರ ಮೇಡಂ! ಮುಚ್ಚಳ ತೆಗೆದ್ರೆ ಹೊಸ ರಬ್ಬರ್ ವಾಸ್ನೆ... ಹತ್ತು ವರ್ಷದ ಹುಡುಗ ಆಗ್ಬಿಟ್ಟೆ!"

ಮೊದಲ ದಿನ ಚಕ್ರಗಳ ಸ್ಟಿಕ್ಕರ್ ಬೇಕು ಅಂದ. ಮರುದಿನ ರೆಕ್ಕೆಯದು. ಅದರ ಮರುದಿನ ಒಳಗೆ ಕೂರುವ ಹೆಬ್ಬೆರಳಿನಷ್ಟು ಡ್ರೈವರನ ಹೆಲ್ಮೆಟ್ಟಿಗೆ ಎರಡು ಗೆರೆ. ಎರಡು ಗೆರೆಗೆ ಒಂದೂವರೆ ಗಂಟೆ ಕೂತ, ಎರಡು ಟೀ ಕುಡಿದ.

ಪಕ್ಕದ ಟೈಲರಿಂಗ್ ಅಂಗಡಿಯ ಫಹ್ಮಿದಾ ಎಲ್ಲ ನೋಡುತ್ತಿದ್ದಳು.

"ಏನ್ ಹಂಸಾ, ಹೊಸ ಜುಮುಕಿ?"

"ಹಳೇದೇ ಕಣೆ!"

"ಇಷ್ಟು ದಿನ ಕಿವಿ ಇರ್ಲಿಲ್ವಾ?"

ಆ ಶುಕ್ರವಾರ ಸೆಲ್ವಿನ್ ಬಗ್ಗಿಯ ಬಾಡಿ ತಂದ. ಗಾಜಿನಂತೆ ತಿಳಿಯಾದ ತೆಳು ಪ್ಲಾಸ್ಟಿಕ್.

"ಇದಕ್ಕೆ ಒಳಗಡೆಯಿಂದ ಪೇಂಟ್ ಹೊಡೀಬೇಕು. ಹೊರಗಡೆ ಹೊಡೆದ್ರೆ ಉರುಳಿದಾಗೆಲ್ಲ ಕೆರೆದುಹೋಗುತ್ತೆ. ಒಳಗಡೆ ಇದ್ರೆ ಎಷ್ಟು ಉರುಳಿದ್ರೂ ಹೋಗಲ್ಲ."

"ಹಾಗಾದ್ರೆ ಹೆಸರಿನ ಸ್ಟೆನ್ಸಿಲ್ ಉಲ್ಟಾ ಕತ್ತರಿಸ್ಬೇಕು," ಎಂದಳು ಹಂಸ. "ಇಲ್ದಿದ್ರೆ ಹೊರಗಿಂದ ಕನ್ನಡೀಲಿ ಕಂಡಂಗೆ ಕಾಣುತ್ತೆ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು."

"ಯಾವ ಹೆಸರು?"

ಅವನು ಜೇಬಿನಿಂದ ಹಳೆಯ ಫೋಟೋ ತೆಗೆದ. ಎರಡು ಜಡೆಯ ಹುಡುಗಿ, ಎದೆಗವಚಿಕೊಂಡ ಬಗ್ಗಿ. ಬಗ್ಗಿಯ ಮೇಲೆ ಸ್ಕೆಚ್ ಪೆನ್ನಿನ ಅಕ್ಷರ: ರಮ್ಯ.

"ಇದೇ ಥರ ಬೇಕು. ಕನ್ನಡ ಮಾತಾಡ್ತೀನಿ ಅಷ್ಟೇ, ಓದೋಕೆ ಬರಲ್ಲ. ಸ್ಕೂಲಲ್ಲಿ ಇಂಗ್ಲಿಷು, ಮನೇಲಿ ತಮಿಳು. ಬಸ್ ಕೂಡ ನಂಬರ್ ನೋಡ್ಕೊಂಡೇ ಹತ್ತೋದು."

"ಯಾರಿವಳು?" ಸುಮ್ಮನೆ ಕೇಳಿದ ಹಾಗೆ ಕೇಳಿದಳು.

ಅವನ ಮುಖ ಮೆತ್ತಗಾಯಿತು. "ನಮ್ಮ ಬೀದೀಲೇ ಇದ್ಳು. ಭಾನುವಾರ ಬರ್ತಾಳೆ. ಅವಳಿಗೊಂದು ಮಾತು ಹೇಳ್ಬೇಕು. ಇಪ್ಪತ್ತೆಂಟು ವರ್ಷದಿಂದ ಗಂಟಲಲ್ಲೇ ಇದೆ."

ಹಂಸ ಫೋಟೋವನ್ನು ಇನ್ನೊಮ್ಮೆ ನೋಡಿದಳು.

'ಇಪ್ಪತ್ತೆಂಟು ವರ್ಷ! ಹಾಗಾದ್ರೆ ನನ್ನ ಅಂಗಡೀಲಿ ಕೂತು ಟೀ ಕುಡಿದಿದ್ದೆಲ್ಲ ಅವಳಿಗೋಸ್ಕರಾನಾ? ನಾನು ಜುಮುಕಿ ಹಾಕ್ಕೊಂಡು ಇನ್ನೊಬ್ಬಳ ಹೆಸರು ಕತ್ತರಿಸ್ಬೇಕಾ...?'

ಫೋಟೋದ ಹುಡುಗಿಗೆ ಹತ್ತು ವರ್ಷ. ಹತ್ತು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು! ತನಗೇ ನಾಚಿಕೆಯಾಯಿತು. ಆದರೂ ಕಿಚ್ಚು ಆರಲಿಲ್ಲ.

ಕಂಪ್ಯೂಟರಿನಲ್ಲಿ 'ರಮ್ಯ' ಎಂದು ಬರೆದಳು. ಅಕ್ಷರವನ್ನು ಉಲ್ಟಾ ಮಾಡಲು ಇದ್ದದ್ದು ಒಂದೇ ಬಟನ್. ಬೆರಳು ಅದರ ಮೇಲೆ ಹೋಯಿತು, ನಿಂತಿತು... ವಾಪಸ್ ಬಂತು.

ಸ್ಟೆನ್ಸಿಲ್ ನೇರವಾಗಿಯೇ ಕತ್ತರಿಸಿಕೊಂಡು ಬಂತು.

"ತಗೊಳ್ಳಿ."

"ಥ್ಯಾಂಕ್ಸ್ ಹಂಸ ಅವ್ರೇ! ನೀವು ಮಾಡಿದ್ಮೇಲೆ ನೋಡೋದೇ ಬೇಡ."

ಆ ಮಾತು ಅವಳನ್ನು ಶನಿವಾರವಿಡೀ ತಿಂದಿತು. ಕೊನೆಗೆ ಫಹ್ಮಿದಾಳ ಮುಂದೆ ಬಾಯಿಬಿಟ್ಟಳು.

"ಥೂ! ಓದೋಕೆ ಬರದೋನಿಗೆ ಮೋಸ ಮಾಡ್ದೆಯಾ?" ಫಹ್ಮಿದಾ ಟೇಪನ್ನು ಮೇಜಿನ ಮೇಲೆ ಎಸೆದಳು. "ಅವಳ ಮೇಲೆ ಉರಿ ಇದ್ರೆ ಇರ್ಲಿ, ನಿನ್ನ ಕೆಲಸದ ಮೇಲೆ ಯಾಕೆ ಸಿಟ್ಟು ತೀರಿಸ್ಕೊಂಡೆ?"

ಹಂಸ ಉಲ್ಟಾ ಸ್ಟೆನ್ಸಿಲ್ ಕತ್ತರಿಸಿಕೊಂಡು ಸೆಲ್ವಿನ್‌ಗೆ ಫೋನ್ ಮಾಡಿದಳು.

"ಪೇಂಟ್ ಆಗೋಯ್ತು ಮೇಡಂ! ಕೆಂಪು, ಮಧ್ಯ ಬಿಳೀ ಹೆಸರು. ಸೂಪರ್! ನಾಳೆ ಚರ್ಚ್ ಪಕ್ಕದ ಮೈದಾನಕ್ಕೆ ಬನ್ನಿ, ನೀವೂ ನೋಡ್ಬೇಕು."

ಹೋಗಬಾರದಿತ್ತು. ಹೋಗದೆ ಇರಲು ಆಗಲಿಲ್ಲ.

ಮೈದಾನದಲ್ಲಿ ಅವಳು ಮೊದಲು ನೋಡಿದ್ದು ರಮ್ಯಳನ್ನು. ಹಸಿರು ಸೀರೆ, ದೊಡ್ಡ ನಗು. ಸೆಲ್ವಿನ್‌ನ ಭುಜ ತಟ್ಟಿ ಮಾತನಾಡುತ್ತಿದ್ದಳು. 'ಇಷ್ಟು ಚೆನ್ನಾಗಿದ್ದಾಳೆ ಬೇರೆ...' ಹಂಸಳ ಎದೆ ಮತ್ತೆ ಉರಿಯಿತು.

ಸೆಲ್ವಿನ್ ಎರಡೂ ಕೈಯಲ್ಲಿ ಬಗ್ಗಿಯನ್ನು ಚಾಚಿದ.

"ರಮ್ಯ... ಅವತ್ತು ನಿನ್ನ ಬಗ್ಗೀನ ಹಲಸೂರು ಕೆರೆಗೆ ಬೀಳಿಸಿದ್ದು ನಾನು. ಓಡಿಹೋದೆ. ನಿಮ್ಮಪ್ಪ ನಿನಗೆ ಹೊಡೀತಿದ್ರು, ನಮ್ಮ ಕಿಟಕಿಯಿಂದ ಕೇಳಿಸ್ತಿತ್ತು. ಬಾಯಿ ಬಿಡ್ಲಿಲ್ಲ. ಕ್ಷಮಿಸ್ಬಿಡು."

ಹಂಸ ಒಂದು ಹೆಜ್ಜೆ ಹಿಂದೆ ಸರಿದಳು. ಗಂಟಲಲ್ಲಿದ್ದ ಮಾತು ಇದಾ...?

"ಗೊತ್ತಿತ್ತು ಕಣೋ," ಎಂದಳು ರಮ್ಯ ಕಣ್ಣೊರೆಸಿಕೊಳ್ಳುತ್ತಾ. ಬಗ್ಗಿಯನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. ಮರುಕ್ಷಣ ಕಿಸಕ್ಕನೆ ನಕ್ಕಳು. "ಇದೇನೋ, ನನ್ನ ಹೆಸರು ಓದೋಕೆ ಕನ್ನಡಿ ತರ್ಬೇಕಾ? ಉಲ್ಟಾ ಇದೆ!"

ಸೆಲ್ವಿನ್ ಬೆಪ್ಪಾದ. "ಉಲ್ಟಾನಾ? ಛೇ, ನಾನೇ ಏನೋ ತಪ್ಪಾಗಿ ಅಂಟಿಸಿರ್ಬೇಕು..."

ಸುಮ್ಮನಿದ್ದರೆ ಹಂಸ ಅಲ್ಲಿಗೆ ಪಾರಾಗುತ್ತಿದ್ದಳು. ಆದರೆ ತಪ್ಪನ್ನು ಅವನು ತನ್ನ ಮೇಲೆ ಹಾಕಿಕೊಂಡಿದ್ದು ಅವಳಿಗೆ ಸಹಿಸಲಾಗಲಿಲ್ಲ.

"ನೀವಲ್ಲ. ನಾನು. ಬೇಕಂತಲೇ ನೇರ ಕತ್ತರಿಸ್ದೆ."

"ಯಾಕೆ?"

"ಇವರ ವಿಷಯ ಹೇಳ್ವಾಗ ನಿಮ್ಮ ಮುಖ ಮೆತ್ತಗಾಯ್ತಲ್ಲ, ಅದಕ್ಕೆ!" ಕಣ್ಣೀರು ಬಂದೇಬಿಟ್ಟಿತು. "ಕ್ಷಮಿಸಿ ರಮ್ಯ ಅವ್ರೇ."

ರಮ್ಯ ಇಬ್ಬರನ್ನೂ ನೋಡಿ ಬಗ್ಗಿಯನ್ನು ಎದೆಗವಚಿಕೊಂಡಳು. "ಇದು ಹೀಗೇ ಇರ್ಲಿ. ನಮ್ಮೆಜಮಾನ್ರಿಗೆ ತೋರಿಸ್ತೀನಿ. ನನ್ನ ಹೆಸರು ನೋಡಿ ಹೊಟ್ಟೆ ಉರ್ಕೊಳ್ಳೋರೂ ಇದಾರೆ ಅಂತ!"

ಸೆಲ್ವಿನ್ ಮಾತ್ರ ಮುಖ ಬೇರೆ ಕಡೆ ತಿರುಗಿಸಿದ. ಹಂಸ ತಿರುಗಿ ನೋಡದೆ ಆಟೋ ಹತ್ತಿದಳು.

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅವಳು ಜುಮುಕಿ ಬಿಚ್ಚಿ ಡ್ರಾಯರಿಗೆ ಹಾಕಿದಳು. ಬರುವುದಾದರೂ ಯಾಕೆ? ನಂಬಿ ಬಂದವನಿಗೆ ಅವಳು ಮಾಡಿದ್ದೇನು?

ಗುರುವಾರ ಸಂಜೆ ಗುರ್ರ್ ಎಂದಿತು.

ಇನ್ನೊಂದು ಬಗ್ಗಿ ಅವಳ ಹಿಮ್ಮಡಿಯ ಹತ್ತಿರ ಬಂದು ಗಕ್ಕನೆ ನಿಂತಿತು. ಈ ಸಲ ಬ್ರೇಕ್ ಹಿಡಿದಿತ್ತು. ಅದರ ಬಾಡಿ ತಿಳಿಯಾಗಿ ಖಾಲಿಯಾಗಿತ್ತು.

"ಇದು ನನ್ನದು," ಎಂದ ಸೆಲ್ವಿನ್ ಬಾಗಿಲಲ್ಲಿ ನಿಂತು. "ಹೆಸರು ಕತ್ತರಿಸಿಕೊಡ್ತೀರಾ?"

"ನನ್ನ ಮೇಲೆ... ಸಿಟ್ಟಿಲ್ವಾ?"

"ಬಂದಿತ್ತು. ಓದೋಕೆ ಬರದೋನ್ನ ಹಾಗೆ ಮಾಡ್ಬಾರ್ದಿತ್ತು."

"ಇನ್ಯಾವತ್ತೂ ಮಾಡಲ್ಲ." ಅವಳು ಸ್ಟೂಲನ್ನು ಅವನತ್ತ ಸರಿಸಿದಳು. "ಯಾವ ಹೆಸರು?"

ಅವನು ಮಡಿಸಿದ ಕಾಗದ ಕೊಟ್ಟ. ಬಿಡಿಸಿದಳು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ, ಅಳಿಸಿ ಮತ್ತೆ ಬರೆದ ಸೊಟ್ಟ ಅಕ್ಷರ. ಸೊನ್ನೆಯಂತೂ ಟೈರಿನಷ್ಟು ದಪ್ಪ.

ಹಂಸ.

"ನಿಮ್ಮ ಬೋರ್ಡಿನ ಫೋಟೋ ನೋಡ್ಕೊಂಡು ನಾಲ್ಕು ದಿನ ಬರ್ದೆ. ಅದಕ್ಕೇ ಬರ್ಲಿಲ್ಲ. ಕನ್ನಡದಲ್ಲಿ ನನಗೆ ಬರೋದು ಈ ಎರಡೇ ಅಕ್ಷರ." ಅವನು ಕಿವಿ ತುರಿಸಿಕೊಂಡ. "ಸರಿಯಾಗಿದೆಯಾ?"

ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಲೆಯಾಡಿಸಿದಳು. ಆ ಕಡೆ ಫಹ್ಮಿದಾಳ ಹೊಲಿಗೆ ಮಿಷನ್ ನಿಂತು ಕಿವಿಗೊಟ್ಟಿತ್ತು.

"ನೇರಾನೇ ಕತ್ತರಿಸಿ," ಎಂದ ಅವನು ಮೆಲ್ಲಗೆ. "ಹೊರಗಿನವರಿಗೆ ಓದೋಕೆ ಆಗದಿದ್ರೂ ಪರವಾಗಿಲ್ಲ. ಒಳಗಡೆಯಿಂದ ನಾನು ಓದ್ಕೊತೀನಿ."

ಹಂಸ ಡ್ರಾಯರು ಎಳೆದು ಜುಮುಕಿ ಕಿವಿಗೆ ಸಿಕ್ಕಿಸಿಕೊಂಡಳು. ಕಂಪ್ಯೂಟರಿನ ಮುಂದೆ ಕೂತು, ಆ ಒಂದು ಬಟನ್ನನ್ನು ಗಟ್ಟಿಯಾಗಿ ಒತ್ತಿದಳು.

"ಆಗಲ್ಲ ಕಣ್ರೀ. ಉಲ್ಟಾನೇ ಕತ್ತರಿಸ್ತೀನಿ. ಊರಲ್ಲಿರೋ ರಮ್ಯಂದಿರೆಲ್ಲ ನನ್ನ ಹೆಸರನ್ನ ಹೊರಗಿಂದಾನೇ ಓದ್ಕೊಳ್ಳಿ!"