ಡಬ್ಬಿಯ ಮೇಲೆ ಬರೆಯದ ಸಾಲು

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮೀನು ಸಾಕುವ ಹೆಂಗಸು ಠಾಣೆಗೆ ಬಂದವಳೇ ಬಕೆಟ್ಟನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಅದರ ತುಂಬ ಸತ್ತ ಮೀನು. ನಡುವೆ ಒಂದು ಹಸಿರು ಡಬ್ಬಿ.

“ಓದಿ ಮೇಡಂ. ಏನು ಬರೆದಿದಾರೆ, ಗಟ್ಟಿಯಾಗಿ ಓದಿ.”

ಇನ್‌ಸ್ಪೆಕ್ಟರ್ ಓದಿದರು. ‘ನೈಸರ್ಗಿಕ ಕಳೆನಾಶಕ. ಜಲಚರಗಳಿಗೆ ಸುರಕ್ಷಿತವೆಂದು ಪರೀಕ್ಷಿಸಲಾಗಿದೆ.’

“ಹೇಳಿದ್ದಕ್ಕಿಂತ ಜಾಸ್ತಿ ಹಾಕಿದ್ರಾ?”

“ಒಂದು ಹನಿನೂ ಇಲ್ಲ. ದಡದ ಕಳೆಗೆ ಹೊಡೆದೆ. ಸಂಜೆಯೊಳಗೆ ಕೊಳಾನೇ ಬೆಳ್ಳಗಾಯ್ತು. ನನ್ನ ಕೈಯಾರೆ ವಿಷ ಹಾಕಿಸಿದ್ರಲ್ಲ, ಪಾಪಿಗಳು!”

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಕೊಳದ ದಡದಲ್ಲಿ ಪಂಚನಾಮೆ. ಕಪ್ಪೆಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಠಾಣೆಯಲ್ಲಿ ಎಲ್ಲರೂ ‘ಮೀಸೆ’ ಎಂದೇ ಕರೆಯುವ ಕಾನ್‌ಸ್ಟೆಬಲ್ ಮೂಗು ಮುಚ್ಚಿಕೊಂಡೇ ಪಂಚರ ಸಹಿ ಹಾಕಿಸಿ, ನೀರು, ಮೀನು, ಡಬ್ಬಿಗೆ ಸೀಲು ಒತ್ತಿದ.

ಶುಕ್ರವಾರ ಸರ್ಕಾರಿ ರಸಾಯನ ತಜ್ಞರ ವರದಿ ಬಂತು. ಕೊಳದ ನೀರಿನಲ್ಲಿ ಬೇರೆ ಯಾವ ವಿಷವೂ ಇರಲಿಲ್ಲ. ಡಬ್ಬಿಯೊಳಗಿನ ಎಣ್ಣೆಯೇ ಮೀನುಗಳ ಕಿವಿರು ಸುಟ್ಟಿತ್ತು. ಹಾಗಾದರೆ ಸುರಕ್ಷಿತ ಎಂದು ಬರೆದುಕೊಟ್ಟವರು ಯಾರು?

ಶನಿವಾರ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಮೀಸೆ ಆ ಪ್ರಮಾಣಪತ್ರ ಕೊಟ್ಟ ಪ್ರಯೋಗಾಲಯದಲ್ಲಿದ್ದರು. ಪರೀಕ್ಷೆ ನಡೆಸಿದ ತಜ್ಞ ಕಡತ ಮುಂದೆ ತಳ್ಳಿದ. ನಲವತ್ತು ಮೀನು, ನಾಲ್ಕು ದಿನ, ಸಾವು ಸೊನ್ನೆ.

“ಎಲ್ಲಾ ಗಿಡದ ಎಣ್ಣೆ, ಮೇಡಂ. ನೈಸರ್ಗಿಕ.”

“ಹಾವಿನ ವಿಷಾನೂ ನೈಸರ್ಗಿಕವೇ ಸಾರ್,” ಎಂದ ಮೀಸೆ.

ಇನ್‌ಸ್ಪೆಕ್ಟರ್ ಮಾತು ಬೆಳೆಸದೆ ಹಿಂದಿನ ಕೋಣೆಗೆ ನಡೆದರು. ಗಾಜಿನ ತೊಟ್ಟಿ ಉಜ್ಜುತ್ತಿದ್ದ ಹೆಂಗಸು ಎದ್ದು ನಿಂತಳು.

“ಈ ಔಷಧಿ ಪರೀಕ್ಷೆ ಮಾಡಿದಾಗ ತೊಟ್ಟಿ ಎಷ್ಟು ಸಲ ತೊಳೆದಿರಮ್ಮಾ?”

“ಮೂರು ಸಲ. ಮೂರು ಸಲನೂ ಸತ್ತ ಮೀನು ಬಾಚಿ ಹಾಕಿದೆ. ನಾಲ್ಕನೇ ಸಲ ಬರೀ ನೀರು ಬಿಡು ಅಂದ್ರು. ಅವು ಸಾಯಲಿಲ್ಲ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ರು?”

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಪ್ರಯೋಗಾಲಯಕ್ಕೆ ಮೀನುಮರಿ ಪೂರೈಸಿದವನ ಹೇಳಿಕೆಯೂ ತಾಳೆಯಾಯಿತು: ಒಂದೇ ತಿಂಗಳಲ್ಲಿ ನಾಲ್ಕು ಸಲ, ಸಲಕ್ಕೆ ನಲವತ್ತು.

ಮಧ್ಯಾಹ್ನ ಮೂರು ಹದಿನೈದಕ್ಕೆ ತಜ್ಞನನ್ನು ಬಂಧಿಸಲಾಯಿತು. ಅಂಗಡಿಗಳಲ್ಲಿದ್ದ ಡಬ್ಬಿಗಳನ್ನು ವಶಪಡಿಸಿಕೊಳ್ಳಲು ಮೀಸೆ ಆಗಲೇ ಜೀಪು ಹತ್ತಿದ್ದ.

“‘ನೀರಿನ ಹತ್ತಿರ ಬಳಸಬೇಡಿ’ ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತಲ್ರೀ!” ಇನ್‌ಸ್ಪೆಕ್ಟರ್ ದನಿ ಏರಿತು. “ಕಳೆಯೂ ಸಾಯ್ತಿತ್ತು, ಕೊಳವೂ ಉಳೀತಿತ್ತು. ಅಷ್ಟು ಬರೆಯೋಕೆ ನಿಮ್ಮ ಕೈಗೆ ಏನಾಗಿತ್ತು?”

ತಜ್ಞ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನಮ್ಮಣ್ಣ ಹೊಲದ ಕಳೆಗೆ ರಾಸಾಯನಿಕ ಹೊಡೆದೂ ಹೊಡೆದೂ ಎರಡೂ ಕಣ್ಣು ಕಳಕೊಂಡ. ಯಾರಿಗೂ ಏನೂ ಮಾಡದಂಥದ್ದು ಒಂದು ಬರುತ್ತೆ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಮೊದಲನೇ ಪರೀಕ್ಷೆಗೂ ಮುಂಚೆಯೇ, ಬಂತು ಅಣ್ಣಾ ಅಂದುಬಿಟ್ಟೆ. ನನ್ನ ಮುಖ ತಡವಿ ಅತ್ತುಬಿಟ್ಟ, ಮೇಡಂ. ಆಮೇಲೆ ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ.”

ಇನ್‌ಸ್ಪೆಕ್ಟರ್ ಅದನ್ನು ಅವನು ಹೇಳಿದಂತೆಯೇ ಬರೆದುಕೊಂಡು, ಸಹಿಗೆ ಹಾಳೆ ತಿರುಗಿಸಿ ಕೊಟ್ಟರು.